ಕ್ರ್ಯಾಪಿ ಮೀನಿಗಾಗಿ ನೀರಿನಡಿಯ ಕೊಂಬೆರಾಶಿ: ಯಾವ ಮರವನ್ನು ಮುಳುಗಿಸಬೇಕು?

ಅಮೆರಿಕದ ದಕ್ಷಿಣ ಮತ್ತು ಮಧ್ಯಭಾಗದ ರಾಜ್ಯಗಳಲ್ಲಿ ನೆಲೆಸಿ, ಅಲ್ಲಿನ ಜಲಾಶಯಗಳಲ್ಲಿ ಗಾಳ ಹಾಕುವ ಹವ್ಯಾಸ ಹಚ್ಚಿಕೊಂಡಿರುವ ಕನ್ನಡಿಗರು ಚಳಿಗಾಲ ಹತ್ತಿರವಾದಂತೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಕ್ರ್ಯಾಪಿ ಮೀನು ಬಂದು ಕೂಡುವಂತೆ ಕೊಂಬೆಗಳ ರಾಶಿಯೊಂದನ್ನು ತಳಕ್ಕೆ ಇಳಿಸಬೇಕೆಂದಿದೆ. ಸೀಡರ್ ಹಾಕುವುದೇ, ಓಕ್ ಹಾಕುವುದೇ, ಹಬ್ಬ ಮುಗಿದ ಮೇಲೆ ಬೀದಿಬದಿಗೆ ಬಂದು ಬೀಳುವ ಕ್ರಿಸ್‌ಮಸ್ ಮರವೇ ಸಾಕೇ, ಅಥವಾ ನೆರೆಯವರ ಬೇಲಿ ದಾಟಿ ಬರುತ್ತಿರುವ ಬಿದಿರನ್ನು ಬಳಸಬಹುದೇ? ಒಬ್ಬೊಬ್ಬ ಹಳೆಯ ಗಾಳಗಾರನೂ ಒಂದೊಂದು ಮರದ ಪಕ್ಷ ವಹಿಸುವುದರಿಂದ ಹೊಸಬರು ಗೊಂದಲಕ್ಕೆ ಬೀಳುವುದು ಸಹಜ. ಆ ಹಳಬರು ಹೇಳುವುದು ಅವರವರ ನೀರಿನ ಮಟ್ಟಿಗೆ ನಿಜವೇ ಆಗಿರುತ್ತದೆ. ಆದ್ದರಿಂದ ಮರದ ಹೆಸರಿಗಿಂತ ಮೊದಲು ಅಳತೆಗೋಲುಗಳನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಮೀನು ಆ ಕೊಂಬೆಗಳಲ್ಲಿ ಏನನ್ನು ಹುಡುಕುತ್ತದೆ ಎಂಬುದು ತಿಳಿದಿದ್ದರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆ. ಕ್ರ್ಯಾಪಿಯಲ್ಲಿ ಬಿಳಿ ಮತ್ತು ಕಪ್ಪು ಎಂಬ ಎರಡು ಜಾತಿಗಳಿವೆ; ಎರಡೂ ಸನ್‌ಫಿಶ್ ಕುಟುಂಬಕ್ಕೆ ಸೇರಿದವು. ಬಿಳಿ ಕ್ರ್ಯಾಪಿ ಕೆಸರು ನೀರನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಕಪ್ಪು ಕ್ರ್ಯಾಪಿ ತಿಳಿನೀರನ್ನು ಬಯಸುತ್ತದೆ. ಇವು ತಳ ಹಿಡಿದು ಮಲಗುವ ಮೀನುಗಳಲ್ಲ. ನೀರಿನ ನಡುವೆ ಗುಂಪುಗಟ್ಟಿ ತೇಲುತ್ತ ನಿಂತು, ತಮ್ಮ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಮೇಲೆ ಹಾಯುವ ಶ್ಯಾಡ್ ಮತ್ತು ಮಿನ್ನೋ ಮರಿಗಳನ್ನು ನುಂಗುತ್ತವೆ. ನೀರಿಗೆ ಇಳಿದ ಕೊಂಬೆಯ ಮೇಲೆ ಮೊದಲು ಪಾಚಿ ಹಿಡಿಯುತ್ತದೆ, ಪಾಚಿಯನ್ನು ಮೇಯಲು ಸೂಕ್ಷ್ಮ ಜೀವಿಗಳೂ ಹುಳುಗಳೂ ಬರುತ್ತವೆ, ಅವನ್ನು ತಿನ್ನಲು ಮತ್ತು ದೊಡ್ಡ ಮೀನುಗಳಿಂದ ಅಡಗಲು ಮರಿಮೀನುಗಳು ಸೇರುತ್ತವೆ; ಕ್ರ್ಯಾಪಿ ಬರುವುದು ಈ ಸಾಲಿನ ಕೊನೆಯಲ್ಲಿ. ಮರಿಮೀನಿಗೆ ಬೇಕಾದದ್ದು ಸಣ್ಣ ಸಂದು, ದೊಡ್ಡ ಕ್ರ್ಯಾಪಿಗೆ ಬೇಕಾದದ್ದು ತನ್ನ ಮೈ ತೂರುವಷ್ಟು ಅಗಲದ ಬಯಲು. ಒಳ್ಳೆಯ ರಾಶಿಯಲ್ಲಿ ಎರಡೂ ಇರಬೇಕು.

ಇದು ಈಗ ಏಕೆ ಇಷ್ಟು ಮುಖ್ಯವಾಗಿದೆ ಎಂಬುದಕ್ಕೂ ಕಾರಣವಿದೆ. ಈ ಮೀನು ಹೇರಳವಾಗಿರುವ ಜಲಾಶಯಗಳಲ್ಲಿ ಹೆಚ್ಚಿನವು ಅರ್ಧ ಶತಮಾನಕ್ಕೂ ಹಳೆಯವು. ಮಿಸೌರಿಯ ಲೇಕ್ ಆಫ್ ದಿ ಓಜಾರ್ಕ್ಸ್‌ಗೆ ಕಾರಣವಾದ ಬ್ಯಾಗ್ನೆಲ್ ಅಣೆಕಟ್ಟು ಮುಗಿದದ್ದು 1931ರಲ್ಲಿ, ಕೆಂಟಕಿ ಅಣೆಕಟ್ಟು ಮುಗಿದದ್ದು 1944ರಲ್ಲಿ, ಜಾರ್ಜಿಯಾದ ಲೇನಿಯರ್ ತುಂಬಿದ್ದು 1950ರ ದಶಕದಲ್ಲಿ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಪೊದೆ, ಮರ, ಬೇಲಿಗಳಲ್ಲಿ ತೆಳುವಾದದ್ದೆಲ್ಲ ಕೊಳೆತು, ಮೇಲಿಂದ ಬಂದ ಹೂಳು ಉಳಿದ ತಗ್ಗುಗಳನ್ನೂ ಮುಚ್ಚಿ, ಎಷ್ಟೋ ಕಡೆ ತಳ ಸಪಾಟಾಗಿದೆ. ಅಂಥ ಬಯಲಿನಲ್ಲಿ ಸರಿಯಾದ ಆಳದಲ್ಲಿ ಕುಳಿತ ಒಂದೇ ಒಂದು ಮರವೂ ಮೀನನ್ನು ಸೆಳೆಯುತ್ತದೆ.

ಮರ ಕಡಿಯುವ ಮುನ್ನ ಅನುಮತಿಯ ಮಾತು. ಲೇನಿಯರ್, ಮಿಸಿಸಿಪ್ಪಿಯ ಗ್ರೆನಡಾ, ಮಿಸೌರಿಯ ಟ್ರೂಮನ್ ಮೊದಲಾದ ಜಲಾಶಯಗಳು ಸೇನೆಯ ಎಂಜಿನಿಯರ್ ದಳದ ವಶದಲ್ಲಿವೆ; ಕೆಂಟಕಿ ಲೇಕ್ ಟೆನೆಸಿ ವ್ಯಾಲಿ ಅಥಾರಿಟಿ ಎಂಬ ಸರ್ಕಾರಿ ಸಂಸ್ಥೆಯದು. ದಡದ ಸಾರ್ವಜನಿಕ ಭೂಮಿಯಲ್ಲಿ ಒಣ ಮರವನ್ನೂ ಕೇಳದೆ ಕಡಿಯಬಾರದು, ಮತ್ತು ನೀರಿಗೆ ಏನನ್ನು, ಎಷ್ಟು ಆಳದಲ್ಲಿ, ಯಾವ ಭಾರ ಕಟ್ಟಿ ಇಳಿಸಬಹುದು ಎಂಬ ನಿಯಮ ಒಂದೊಂದು ಕಡೆ ಒಂದೊಂದು ರೀತಿ ಇರುತ್ತದೆ. ಜಲಾಶಯದ ಕಚೇರಿಗೆ ಒಂದು ಫೋನ್ ಮಾಡಿದರೆ ಈ ವಿಷಯ ಇತ್ಯರ್ಥವಾಗುತ್ತದೆ. ಬಣ್ಣ ಬಳಿದ ಹಲಗೆ, ರಾಸಾಯನಿಕ ಹಾಕಿದ ಡೆಕ್ ಮರ, ಟೈರು, ಹಳೆಯ ಪೀಠೋಪಕರಣ ಇವು ಎಲ್ಲಿಯೂ ಬೇಡ. ಹಿಂದಿನ ಕಾಲದ ಹಸಿರುಛಾಯೆಯ ಡೆಕ್ ಹಲಗೆಗಳಲ್ಲಿ ಆರ್ಸೆನಿಕ್ ಇರುತ್ತಿತ್ತು ಎಂಬುದನ್ನು ನೆನಪಿಡಬೇಕು. ಮರದ ಜೊತೆ ಕೀಟಗಳೂ ಪ್ರಯಾಣ ಮಾಡುವುದರಿಂದ, ದೂರದ ಜಿಲ್ಲೆಯಿಂದ ಮರ ಹೇರಿಕೊಂಡು ಬರುವ ಬದಲು ಜಲಾಶಯದ ಹತ್ತಿರವೇ ಸಿಕ್ಕಿದ್ದನ್ನು ಬಳಸಬೇಕು.

ಅಳತೆಗೋಲುಗಳು

ಮೊದಲನೆಯದು ತೆಳುಕೊಂಬೆಗಳ ಆಯಸ್ಸು. ಮರದ ಬಾಳಿಕೆಯ ಬಗ್ಗೆ ಮಾತು ಬಂದಾಗ ಎಲ್ಲರೂ ಕಾಂಡದ ಬಗ್ಗೆ ಯೋಚಿಸುತ್ತಾರೆ. ಆದರೆ ಕಾಂಡ ಮೀನನ್ನು ಹಿಡಿದಿಡುವುದು ಕಡಿಮೆ. ಪೆನ್ಸಿಲ್ಲಿನಷ್ಟು, ಹೆಬ್ಬೆರಳಿನಷ್ಟು ದಪ್ಪದ ಕೊಂಬೆಗಳೇ ಪಾಚಿಗೆ ಜಾಗ, ಮರಿಮೀನಿಗೆ ಮರೆ. ಅವು ಮುರಿದು ಹೋದ ಮೇಲೆ ಉಳಿಯುವ ಬೋಳುಕಾಂಡ ಇನ್ನೂ ಇಪ್ಪತ್ತು ವರ್ಷ ತಳದಲ್ಲಿದ್ದರೂ ಅದು ಮೊದಲಿನ ರಾಶಿಯಲ್ಲ. ಆದ್ದರಿಂದ ಯಾರಾದರೂ ಇಂಥ ಮರ ಹತ್ತು ವರ್ಷ ಬಾಳುತ್ತದೆ ಎಂದರೆ, ಅದರ ಯಾವ ಭಾಗ ಎಂದು ಕೇಳಬೇಕು.

ಎರಡನೆಯದು ಸಂದುಗಳ ಅಗಲ. ಕೈ ತೂರಿಸಲಾಗದಷ್ಟು ದಟ್ಟವಾದ ರಾಶಿಯ ಒಳಗೆ ಮರಿಗಳು ಮಾತ್ರ ಇರುತ್ತವೆ. ದೊಡ್ಡ ಕ್ರ್ಯಾಪಿ ಅದರ ನೆತ್ತಿಯ ಮೇಲೂ ಅಂಚಿನಲ್ಲೂ ನಿಲ್ಲುತ್ತದೆ. ಇದರಿಂದ ಗಾಳ ಹಾಕುವವನಿಗೆ ನಷ್ಟವೇನೂ ಇಲ್ಲ, ಆದರೆ ಅಂಚು ಎಲ್ಲಿದೆ ಎಂದು ತಿಳಿದಿರಬೇಕು.

ಮೂರನೆಯದು ತೇಲುವ ಗುಣ, ಅಂದರೆ ಎಷ್ಟು ಭಾರ ಕಟ್ಟಬೇಕು ಎಂಬುದು. ನಾಲ್ಕನೆಯದು ನೀರಿನ ಮಟ್ಟದ ಏರಿಳಿತ. ಸದಾ ಮುಳುಗಿರುವ ಮರ ನಿಧಾನವಾಗಿ ಕೊಳೆಯುತ್ತದೆ, ಏಕೆಂದರೆ ಮರವನ್ನು ಬೇಗ ತಿನ್ನುವ ಶಿಲೀಂಧ್ರಗಳಿಗೆ ಬೇಕಾದಷ್ಟು ಆಮ್ಲಜನಕ ನೀರಿನಡಿ ಸಿಗುವುದಿಲ್ಲ. ಟೆನೆಸಿಯ ರೀಲ್‌ಫುಟ್ ಸರೋವರ 1811–12ರ ಭೂಕಂಪಗಳಲ್ಲಿ ನೆಲ ಕುಸಿದು ಆದದ್ದು. ಅಂದು ಮುಳುಗಿದ ಸೈಪ್ರೆಸ್ ಕಾಡಿನ ಬೊಡ್ಡೆಗಳಿಗೆ ದೋಣಿಗಳು ಇಂದಿಗೂ ಡಿಕ್ಕಿ ಹೊಡೆಯುತ್ತವೆ. ವರ್ಷಕ್ಕೊಮ್ಮೆ ನೀರಿನಿಂದ ಹೊರಬಂದು ಬಿಸಿಲು ಕಾಯಿಸಿಕೊಂಡು ಮತ್ತೆ ಮುಳುಗುವ ಮರದ ಪಾಡು ಬೇರೆ. ಪ್ರವಾಹ ತಡೆಗೆ ಕಟ್ಟಿದ ಗ್ರೆನಡಾದಂಥ ಜಲಾಶಯದಲ್ಲಿ ಬೇಸಿಗೆಯ ಮತ್ತು ಚಳಿಗಾಲದ ಮಟ್ಟಗಳ ನಡುವೆ ಇಪ್ಪತ್ತು ಅಡಿಗೂ ಹೆಚ್ಚು ಅಂತರವಿದೆ. ಕೆಂಟಕಿ ಲೇಕ್‌ನಲ್ಲಿ ಅದು ಸುಮಾರು ಐದು ಅಡಿ. ಲೇನಿಯರ್‌ನಲ್ಲಿ ನಿಗದಿತ ವ್ಯತ್ಯಾಸ ಒಂದೇ ಅಡಿ, ಬರಗಾಲದ ಮಾತು ಬೇರೆ. ಒಂದೇ ಮರ ಈ ಮೂರು ಕಡೆ ಮೂರು ಬಗೆಯಾಗಿ ಬಾಳುವುದರಲ್ಲಿ ಆಶ್ಚರ್ಯವಿಲ್ಲ.

ಇವುಗಳ ಜೊತೆಗೆ ಗಾಳ ಸಿಕ್ಕಿಬೀಳುವ ತೊಂದರೆ, ಸಾಗಿಸುವ ಶ್ರಮ, ಖರ್ಚು ಇವು ಇದ್ದೇ ಇವೆ. ಮರಗಳಿಗೆ ದುಡ್ಡು ಕೊಡಬೇಕಾದ ಸಂದರ್ಭ ಅಪರೂಪ. ಖರ್ಚು ಬರುವುದು ಕಾಂಕ್ರೀಟ್ ಬ್ಲಾಕು, ಹಗ್ಗ, ಬಕೆಟ್ಟು ಮತ್ತು ದೋಣಿಯ ಪೆಟ್ರೋಲಿಗೆ.

ರೆಡ್ ಸೀಡರ್

ಸೀಡರ್ ಎಂಬ ಹೆಸರಿದ್ದರೂ ಇದು ಜೂನಿಪರ್ ಜಾತಿಯ ಮರ. ಮಿಸೌರಿ, ಕನ್ಸಾಸ್, ಒಕ್ಲಹೋಮಗಳಲ್ಲಿ ಹುಲ್ಲುಗಾವಲನ್ನು ಆಕ್ರಮಿಸುವ ಕಳೆಯಂತೆ ಬೆಳೆಯುವುದರಿಂದ, ಕಡಿದು ಒಯ್ಯುತ್ತೇನೆ ಎಂದರೆ ರೈತರು ಸಂತೋಷದಿಂದ ಒಪ್ಪುತ್ತಾರೆ. ಕಾಂಡವನ್ನು ಅಡ್ಡ ಕೊಯ್ದರೆ ನಡುವೆ ನೇರಳೆಗೆಂಪಿನ ಚೇಗು, ಸುತ್ತ ಬಿಳಿಯ ಉಂಗುರ, ಮೂಗಿಗೆ ಬಡಿಯುವ ಸುವಾಸನೆ. ಕೊಳೆಯದೆ ನಿಲ್ಲುವುದು ಆ ಕೆಂಪು ಚೇಗು ಮಾತ್ರ. ಬಿಳಿಯ ಭಾಗಕ್ಕೆ ಆ ಶಕ್ತಿ ಇಲ್ಲ. ತೆಳುಕೊಂಬೆಗಳಲ್ಲಿ ಚೇಗು ಕಡಿಮೆ ಇರುವುದರಿಂದ ಸೀಡರಿನ ಖ್ಯಾತಿಯಷ್ಟೂ ಆಯಸ್ಸು ಅದರ ತುದಿಗಳಿಗೆ ಇರುವುದಿಲ್ಲ. ಎಲೆಗಳು ಮೊದಲ ವರ್ಷದಲ್ಲೇ ಉದುರುತ್ತವೆ, ನವಿರಾದ ತುದಿಗಳು ಮುಂದಿನ ಕೆಲವು ವರ್ಷಗಳಲ್ಲಿ ಒಂದೊಂದಾಗಿ ಹೋಗುತ್ತವೆ, ಅಸ್ಥಿಪಂಜರ ಬಹುಕಾಲ ನಿಲ್ಲುತ್ತದೆ. ಹಾಗಿದ್ದರೂ ಪೈನ್, ಫರ್‌ಗಳಿಗೆ ಹೋಲಿಸಿದರೆ ಇದು ಎಷ್ಟೋ ಮೇಲು.

ಹೊಸ ಸೀಡರ್ ವಿಪರೀತ ದಟ್ಟವಾಗಿರುವುದು ಅದರ ಗುಣವೂ ಹೌದು, ದೋಷವೂ ಹೌದು. ಮೊದಲ ಋತುವಿನಲ್ಲಿ ಅದರೊಳಗೆ ಮರಿಗಳೇ ತುಂಬಿರುತ್ತವೆ. ಎಲೆ ಉದುರಿ ಸಂದು ತೆರೆದ ಮೇಲೆ, ಅಂದರೆ ಎರಡನೆಯ ವರ್ಷದಿಂದ, ದೊಡ್ಡ ಮೀನು ಒಳಗೆ ಸೇರತೊಡಗುತ್ತದೆ. ಕಾಯುವ ವ್ಯವಧಾನ ಇಲ್ಲದವರು ಇಳಿಸುವ ಮೊದಲೇ ಗರಗಸ ಹಿಡಿದು ಮೂರಕ್ಕೊಂದರಂತೆ ಕೊಂಬೆ ತೆಗೆದು ಕಿಂಡಿ ಮಾಡಿಕೊಳ್ಳಬಹುದು. ಎಲೆ ಚುಚ್ಚುತ್ತದೆ, ಅಂಟೂ ಮೆತ್ತುತ್ತದೆ. ಚರ್ಮದ ಕೈಗವಸು ಬೇಕೇಬೇಕು.

ಇದರ ನಿಜವಾದ ಬೆಲೆ ತಿಳಿಯುವುದು ಭಾರ ಕಟ್ಟುವಾಗ. ಹಸಿ ಸೀಡರ್ ಹಗುರ; ಒಂದು ಘನಮೀಟರಿಗೆ ಸುಮಾರು 600 ಕಿಲೊ. ಮೂವತ್ತು ಕಿಲೊ ತೂಗುವ ಒಂದು ಮರ ಐವತ್ತು ಲೀಟರು ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಹಾಗಾಗಿ ಅದನ್ನು ನೀರು ಇಪ್ಪತ್ತು ಕಿಲೊ ಬಲದಿಂದ ಮೇಲಕ್ಕೆ ಒತ್ತುತ್ತದೆ. ಹದಿನೈದು ಕಿಲೊ ತೂಗುವ ಒಂದು ಕಾಂಕ್ರೀಟ್ ಬ್ಲಾಕು ದಡದಲ್ಲಿ ಎತ್ತುವಾಗ ಬೆನ್ನು ನೋಯಿಸಿದರೂ, ನೀರಿನಡಿ ಅದರ ಭಾರ ಎಂಟು ಕಿಲೊ ಆಸುಪಾಸಿಗೆ ಇಳಿದಿರುತ್ತದೆ, ಏಕೆಂದರೆ ಅದೂ ನೀರನ್ನು ಸರಿಸುತ್ತದೆ. ಎರಡು ಬ್ಲಾಕು ಸಾಲದು. ಮೂರು ಕಟ್ಟಿದರೆ ಮುಳುಗುತ್ತದೆ, ಅಲೆ ಹೊಡೆತಕ್ಕೆ ಜರುಗದಿರಲು ನಾಲ್ಕು ಬೇಕು. ರಾಶಿ ಮರುವಾರ ತೇಲಿ ಬಂದು ಯಾರದೋ ದೋಣಿಯ ಪ್ರೊಪೆಲ್ಲರಿಗೆ ಸಿಲುಕುವ ಕಥೆಗಳ ಹಿಂದೆ ಬಹುಪಾಲು ಈ ಲೆಕ್ಕ ತಪ್ಪಿದ್ದೇ ಇರುತ್ತದೆ.

ಓಕ್ ಮತ್ತು ಹಿಕರಿ

ಗಟ್ಟಿಮರಗಳ ಲೆಕ್ಕ ಇದಕ್ಕೆ ತಿರುಗುಮುರುಗು. ಆಗತಾನೆ ಕಡಿದ ಬಿಳಿ ಓಕ್‌ನ ಸಾಂದ್ರತೆ ನೀರಿನದಕ್ಕೆ ಬಹುಮಟ್ಟಿಗೆ ಸಮ. ಹಿಕರಿ ಇನ್ನೂ ತುಸು ಹೆಚ್ಚು. ಹಸಿಯಾಗಿಯೇ ಇಳಿಸಿದರೆ ಒಂದು ಬ್ಲಾಕು ಸಾಕು. ಆರು ತಿಂಗಳು ಅಂಗಳದಲ್ಲಿ ಒಣಗಿಸಿ ಆಮೇಲೆ ಇಳಿಸಿದರೆ ಈ ಅನುಕೂಲವೆಲ್ಲ ಹೋಗುತ್ತದೆ, ಆದ್ದರಿಂದ ಗಟ್ಟಿಮರವನ್ನು ಕಡಿದ ವಾರದಲ್ಲೇ ನೀರಿಗೆ ಹಾಕಬೇಕು.

ಓಕ್‌ನ ಕೊಂಬೆಗಳು ಅಗಲವಾಗಿ ಹರಡುವುದರಿಂದ ಸಂದುಗಳು ದೊಡ್ಡವು, ದೊಡ್ಡ ಕ್ರ್ಯಾಪಿಗೆ ಮೊದಲ ದಿನದಿಂದಲೇ ಹೇಳಿ ಮಾಡಿಸಿದಂತಿರುತ್ತದೆ. ಹೆಬ್ಬೆರಳು ದಪ್ಪದ ಓಕ್ ಕೊಂಬೆ ಅದೇ ದಪ್ಪದ ಸೀಡರ್ ಕೊಂಬೆಗಿಂತ ಬಲವಾಗಿದ್ದು, ಲಂಗರಿನ ಎಳೆತಕ್ಕೂ ಗಾಳದ ಜಗ್ಗಾಟಕ್ಕೂ ಬೇಗ ಮುರಿಯುವುದಿಲ್ಲ. ಬಿಳಿ ಓಕ್‌ನ ಚೇಗಿನಲ್ಲಿ ನೀರು ಹರಿಯುವ ನಾಳಗಳು ಮುಚ್ಚಿಹೋಗಿರುತ್ತವೆ. ಪೀಪಾಯಿ ಮಾಡಲು ಅದನ್ನು ಬಳಸುವುದು ಆ ಕಾರಣಕ್ಕೇ, ಮತ್ತು ಕೆಂಪು ಓಕ್‌ಗಿಂತ ಅದು ಹೆಚ್ಚು ಬಾಳುವುದಕ್ಕೂ ಅದು ಒಂದು ಕಾರಣ. ಹಿಕರಿ ತೂಕದಲ್ಲೂ ಗಡಸಿನಲ್ಲೂ ಮುಂದಿದ್ದರೂ, ಕೊಳೆಯುವಿಕೆಯನ್ನು ತಡೆಯುವುದರಲ್ಲಿ ಹಿಂದೆ. ಗ್ರೆನಡಾದಂತೆ ನೀರು ಇಳಿದೇರುವ ಕಡೆ ಗಟ್ಟಿಮರ ಹಾಕುವುದಾದರೆ ಬಿಳಿ ಓಕ್ ಹುಡುಕುವುದು ಮೇಲು.

ಕೊರತೆ ಇರುವುದು ನವಿರುತನದಲ್ಲಿ. ಎಲೆ ಉದುರಿದ ಓಕ್ ಟೊಂಗೆ ಒಂದನ್ನೇ ಇಳಿಸಿದರೆ ಮರಿಮೀನಿಗೆ ಮರೆ ಸಾಲದು. ಎರಡು ಮೂರು ಟೊಂಗೆಗಳನ್ನು ಒಂದರೊಳಗೊಂದು ಹೆಣೆದು ಕಟ್ಟಬೇಕು. ಆಗ ಭಾರ ಮಿತಿಮೀರುತ್ತದೆ. ಹದಿನಾಲ್ಕು ಅಡಿಯ ಅಲ್ಯೂಮಿನಿಯಂ ದೋಣಿಯ ಮೂತಿಯ ಮೇಲೆ ಒದ್ದೆ ಓಕ್ ಹೇರಿಕೊಂಡು ಗಾಳಿಯ ದಿನ ಹೊರಡುವುದು ಅಪಾಯಕರ. ಅಗಲವಾದ ಸಮತಟ್ಟು ಅಟ್ಟದ ಪಾಂಟೂನ್ ದೋಣಿ ಇರುವವರಿಗೆ, ಅಥವಾ ಇಳಿಸುವ ಜಾಗದ ಪಕ್ಕದಲ್ಲೇ ಮರ ಬಿದ್ದಿರುವವರಿಗೆ ಈ ಆಯ್ಕೆ ಸರಿ.

ಕ್ರಿಸ್‌ಮಸ್ ಮರ

ಜನವರಿ ಮೊದಲ ವಾರದಲ್ಲಿ ಇವು ರಾಶಿಗಟ್ಟಲೆ ಉಚಿತವಾಗಿ ಸಿಗುತ್ತವೆ, ಕಾರಿನ ಮೇಲೆ ಕಟ್ಟಿಕೊಂಡು ಬರಬಹುದು. ಒಂದು ವಸಂತಕ್ಕೆ, ಹೆಚ್ಚೆಂದರೆ ಎರಡು ಮೂರು ವರ್ಷಕ್ಕೆ ಇವು ಉಪಯುಕ್ತ. ಆಮೇಲೆ ಫರ್‌ ಮತ್ತು ಸ್ಪ್ರೂಸ್‌ಗಳ ತೆಳುಕೊಂಬೆ ಮುರಿದು ನಡುಗಂಬ ಮಾತ್ರ ಉಳಿಯುತ್ತದೆ. ಮಿನುಗುದಾರ, ಕೊಕ್ಕೆ, ದೀಪದ ತಂತಿಗಳನ್ನೆಲ್ಲ ಬಿಡಿಸಿರಬೇಕು, ಕೃತಕ ಹಿಮ ಬಳಿದ ಮರವನ್ನು ಮುಟ್ಟಲೇಬಾರದು. ಅನೇಕ ಜಲಾಶಯಗಳ ಕಚೇರಿಗಳು ಹಬ್ಬದ ನಂತರ ಇಂಥ ಮರಗಳನ್ನು ಸಂಗ್ರಹಿಸಿ ಸ್ವಯಂಸೇವಕರ ನೆರವಿನಿಂದ ತಾವೇ ಇಳಿಸುತ್ತವೆ. ದೋಣಿ ಇಲ್ಲದವರು ಅಲ್ಲಿ ಕೈಜೋಡಿಸಿದರೆ ಕೆಲಸ ಕಲಿತಂತೆಯೂ ಆಯಿತು, ರಾಶಿಗಳ ಜಾಗ ತಿಳಿದಂತೆಯೂ ಆಯಿತು.

ಪ್ರತಿ ವರ್ಷ ಹೊಸದನ್ನು ಇಳಿಸಲು ಸಿದ್ಧರಿರುವವರಿಗೆ ಇದು ಕೆಟ್ಟ ಆಯ್ಕೆಯಲ್ಲ. ಒಮ್ಮೆ ಇಳಿಸಿ ಮರೆಯಬೇಕು ಎನ್ನುವವರಿಗಲ್ಲ.

ಬ್ರ್ಯಾಡ್‌ಫರ್ಡ್ ಪೇರ್ ಮತ್ತು ಓಸೇಜ್ ಆರೆಂಜ್

ಈ ಎರಡನ್ನು ಜನ ಸಾಮಾನ್ಯವಾಗಿ ಪಟ್ಟಿಯ ಕೊನೆಗೆ ತಳ್ಳುತ್ತಾರೆ. ನನ್ನ ಮಟ್ಟಿಗೆ ಬ್ರ್ಯಾಡ್‌ಫರ್ಡ್ ಪೇರ್ ಇರಬೇಕಾದದ್ದು ಮೇಲ್ಗಡೆ. ಉಪನಗರಗಳ ಬೀದಿಗಳಲ್ಲಿ ಚಳಿಗಾಲದ ಕೊನೆಗೆ ಬಿಳಿ ಹೂ ಬಿಟ್ಟು ಮೀನು ಕೊಳೆತಂಥ ವಾಸನೆ ಹರಡುವ ಮರವಿದು. ಇದರ ಸಂತತಿ ಕಾಡಿಗೆ ನುಗ್ಗಿ ಹರಡಿದ್ದರಿಂದ ಒಹಾಯೊ 2023ರಲ್ಲೂ, ಪೆನ್ಸಿಲ್ವೇನಿಯ ಮತ್ತು ದಕ್ಷಿಣ ಕ್ಯಾರೊಲಿನ 2024ರಲ್ಲೂ ಮಾರಾಟ ನಿಷೇಧವನ್ನು ಜಾರಿಗೆ ತಂದವು. ಕವಲುಗಳು ಇಕ್ಕಟ್ಟಾಗಿ ಮೇಲೇಳುವುದರಿಂದ ಪ್ರತಿ ಬಿರುಗಾಳಿಗೂ ಒಂದಷ್ಟು ಸೀಳಿ ಬೀಳುತ್ತವೆ, ಮನೆಯವರು ಯಾರಾದರೂ ಒಯ್ದರೆ ಸಾಕು ಎಂದು ಕಾದಿರುತ್ತಾರೆ. ಗಟ್ಟಿಮರದ ತೂಕದ ಜೊತೆಗೆ ಸೀಡರನ್ನು ನೆನಪಿಸುವಷ್ಟು ಒತ್ತೊತ್ತಾದ ಕೊಂಬೆಗಳು ಇದರಲ್ಲಿವೆ. ಅಂದರೆ ಓಕ್‌ನಲ್ಲಿ ಕಾಣದ ನವಿರು, ಸೀಡರ್‌ನಲ್ಲಿ ಕಾಣದ ತೂಕ ಎರಡೂ ಒಂದೇ ಮರದಲ್ಲಿ ಸಿಕ್ಕಂತಾಯಿತು. ಕಾಡುಬಿದ್ದ ಮರಗಳಲ್ಲಿ ಮುಳ್ಳಿರುತ್ತದೆ, ನೋಡಿಕೊಂಡು ಹಿಡಿಯಬೇಕು.

ಓಸೇಜ್ ಆರೆಂಜ್ ಕನ್ಸಾಸ್, ಒಕ್ಲಹೋಮ, ಉತ್ತರ ಟೆಕ್ಸಾಸಿನ ಹಳೆಯ ಬೇಲಿಸಾಲುಗಳಲ್ಲಿ ಸಿಗುವ ಮರ. ಕಿತ್ತಳೆಯ ಹೆಸರು ಹೊತ್ತಿದ್ದರೂ ನಮ್ಮ ಹಲಸಿನ ಕುಟುಂಬದ್ದು. ಕಡಿದಾಗ ಕಾಣುವ ಹಳದಿ ಚೇಗು ಹಲಸಿನ ಹಲಗೆ ಕಂಡವರಿಗೆ ಪರಿಚಿತ ಎನಿಸುತ್ತದೆ. ಇದರ ಬೇಲಿಗೂಟ ಮಣ್ಣಿನಲ್ಲೇ ದಶಕಗಳ ಕಾಲ ನಿಲ್ಲುತ್ತದೆ ಎಂದ ಮೇಲೆ ನೀರಿನಡಿಯ ಬಾಳಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ತೆಳುಕೊಂಬೆಗಳು ಬಹುಕಾಲ ನಿಲ್ಲುವ ದೃಷ್ಟಿಯಿಂದ ಇದಕ್ಕೆ ಸಾಟಿಯಿಲ್ಲ, ನೀರು ಇಳಿದೇರುವ ಜಲಾಶಯಕ್ಕೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಮುಳ್ಳು ಕ್ರೂರ, ಮರ ಗರಗಸದ ಹಲ್ಲನ್ನು ಮೊಂಡು ಮಾಡುವಷ್ಟು ಗಡಸು, ಮತ್ತು ಒಮ್ಮೆ ಸಿಕ್ಕಿಕೊಂಡ ಗಾಳ ವಾಪಸು ಬರುವ ಆಸೆ ಇಟ್ಟುಕೊಳ್ಳುವಂತಿಲ್ಲ.

ವಿಲ್ಲೋ, ಸ್ವೀಟ್‌ಗಮ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಡದಲ್ಲೇ ಬೆಳೆದಿರುತ್ತವೆ, ಕಡಿಯಲು ಸುಲಭ, ಕೊಳೆಯಲೂ ಅಷ್ಟೇ ಸುಲಭ. ಹಸಿ ವಿಲ್ಲೋ ಕೊಂಬೆ ಆಳವಿಲ್ಲದ ಕೆಸರಿನಲ್ಲಿ ಬೇರು ಬಿಟ್ಟು ಚಿಗುರಿಬಿಡುವುದೂ ಉಂಟು. ಕೀಟಬಾಧೆಯಿಂದ ಸತ್ತು ನಿಂತಿರುವ ಆ್ಯಶ್ ಮರಗಳು ಈಗ ಎಲ್ಲೆಡೆ ಕಾಣುತ್ತವೆ. ಅವುಗಳ ಒಣಕೊಂಬೆ ಸಾಗಿಸುವಾಗಲೇ ಪಟಪಟನೆ ಮುರಿಯುತ್ತದೆ, ಬಿಟ್ಟುಬಿಡುವುದು ಮೇಲು.

ಬಿದಿರು, ಗೂಟ, ಪ್ಲಾಸ್ಟಿಕ್

ಆಗ್ನೇಯ ರಾಜ್ಯಗಳಲ್ಲಿ ತೋಟಕ್ಕೆಂದು ತಂದ ಬಿದಿರು ಹಬ್ಬಿ ಪಿಡುಗಾಗಿದೆ, ಕೇಳಿದರೆ ಕೊಡುವವರು ಬೇಕಾದಷ್ಟು. ಐದು ಗ್ಯಾಲನ್ನಿನ ಬಕೆಟ್ಟಿನಲ್ಲಿ ಆರೆಂಟು ಗಳುಗಳನ್ನು ಬೇರೆ ಬೇರೆ ಕೋನಕ್ಕೆ ಬಾಗಿಸಿ ನಿಲ್ಲಿಸಿ, ಕಾಂಕ್ರೀಟು ಸುರಿದು, ಮರುದಿನ ಗಟ್ಟಿಯಾದ ಮೇಲೆ ಇಳಿಸುವುದು ಪದ್ಧತಿ. ಬಿದಿರಿನ ಒಳಗೆ ಗಾಳಿ ತುಂಬಿದೆ ಎಂಬುದನ್ನು ಮರೆಯಬಾರದು. ಎರಡೆರಡು ಗೆಣ್ಣುಗಳ ನಡುವೆ ಒಂದೊಂದು ತೂತು ಕೊರೆಯಬೇಕು, ಇಲ್ಲವಾದರೆ ಬಕೆಟ್ಟು ತಳದಲ್ಲಿ ನಿಲ್ಲದೆ ಹೊರಳಾಡುತ್ತದೆ. ತೂತಿನಿಂದ ಗುಳ್ಳೆ ಬರುವುದು ನಿಲ್ಲುವವರೆಗೆ ದೋಣಿಯ ಪಕ್ಕದಲ್ಲೇ ಹಿಡಿದಿದ್ದು ಆಮೇಲೆ ಬಿಟ್ಟರೆ ನೇರವಾಗಿ ಕೂರುತ್ತದೆ.

ಬಿದಿರಿನ ದೊಡ್ಡ ಗುಣ ನುಣುಪು: ಜಿಗ್, ಅಂದರೆ ತಲೆಗೆ ಸೀಸದಂಥ ಭಾರ ಕೂಡಿಸಿದ ಕೊಕ್ಕೆ, ಗಳುವಿಗೆ ತಗುಲಿದರೂ ಜಾರಿ ಬರುತ್ತದೆ. ನೆಟ್ಟಗೆ ನಿಲ್ಲುವುದರಿಂದ ಮೀನು ತನಗೆ ಬೇಕಾದ ಆಳವನ್ನು ಆರಿಸಿಕೊಳ್ಳಬಹುದು, ಒಂದೇ ದೋಣಿಯಲ್ಲಿ ನಾಲ್ಕಾರು ಬಕೆಟ್ಟು ಒಯ್ಯಬಹುದು. ಆದರೆ ಆ ನುಣುಪಿನ ಮೇಲೆ ಒರಟು ತೊಗಟೆಯ ಮೇಲೆ ಹಿಡಿಯುವಷ್ಟು ಪಾಚಿ ಬೇಗ ಹಿಡಿಯುವುದಿಲ್ಲ, ಪಕ್ಕದ ಕಡ್ಡಿಗಳನ್ನು ಸವರಿಬಿಟ್ಟರೆ ಮರಿಮೀನಿಗೆ ಮರೆಯೂ ಇಲ್ಲ. ಕಡ್ಡಿಗಳನ್ನು ಹಾಗೆಯೇ ಬಿಟ್ಟು ಎಲೆಗಳನ್ನು ಮಾತ್ರ ಉದುರಿಸಬೇಕು. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ, ಪ್ರತಿ ಐದು ನಿಮಿಷಕ್ಕೊಮ್ಮೆ ಗಾಳ ಬಿಡಿಸುವ ತಾಳ್ಮೆ ಇಲ್ಲದವರಿಗೆ ನಾನು ಮೊದಲು ಹೇಳುವುದು ಬಿದಿರನ್ನೇ.

ಕೆಂಟಕಿ ಲೇಕ್ ಕಡೆ ಹಳೆಯ ರೂಢಿಯೊಂದಿದೆ: ಚಳಿಗಾಲದಲ್ಲಿ ನೀರು ಇಳಿದಾಗ ಹೊರಬೀಳುವ ಕೆಸರಿನಲ್ಲಿ ಮೂರು ನಾಲ್ಕು ಅಡಿಯ ಓಕ್ ಗೂಟಗಳನ್ನು ಒತ್ತಾಗಿ ಬಡಿದು ಗೂಟದ ಮಡಿ ಮಾಡುವುದು. ವಸಂತದಲ್ಲಿ ನೀರು 16ರಿಂದ 20 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಕ್ರ್ಯಾಪಿ ಮೊಟ್ಟೆಯಿಡಲು ಆಳ ಕಡಿಮೆಯಿರುವ ಕಡೆ ಬರುವಾಗ ಇವು ಕೆಲಸಕ್ಕೆ ಬರುತ್ತವೆ. ದೋಣಿಯೇ ಬೇಡ, ಸುತ್ತಿಗೆ ಸಾಕು. ಇನ್ನು ಅಂಗಡಿಯಲ್ಲಿ ಸಿಗುವ ಪಿವಿಸಿ ಕೊಳವೆಯ ಕೃತಕ ಮರಗಳು ದಶಕಗಳ ಕಾಲ ಕೊಳೆಯುವುದಿಲ್ಲ, ಗಾಳವೂ ಕಡಿಮೆ ಸಿಕ್ಕಿಕೊಳ್ಳುತ್ತದೆ. ಒಂದೊಂದಕ್ಕೂ ಹತ್ತಾರು ಡಾಲರು ತೆರಬೇಕು, ಕೆಲವು ಜಲಾಶಯಗಳಲ್ಲಿ ಅವಕ್ಕೆ ಅನುಮತಿಯೇ ಇಲ್ಲ. ಉಚಿತವಾಗಿ ಮರ ಸಿಗುವ ಸೀಮೆಯಲ್ಲಿ ಅದಕ್ಕೆ ದುಡ್ಡು ಹಾಕುವುದು ನನಗೆ ಒಪ್ಪಿಗೆಯಿಲ್ಲ, ಸ್ವಂತ ಡಾಕಿನ ಕೆಳಗೆ ಒಮ್ಮೆ ಇಟ್ಟು ಕೈತೊಳೆದುಕೊಳ್ಳಬೇಕು ಎನ್ನುವವರ ಹೊರತು.

ನಿಮ್ಮ ನೀರಿಗೆ ಯಾವುದು?

ಅಟ್ಲಾಂಟಾದ ಉತ್ತರಕ್ಕಿರುವ ಕಮ್ಮಿಂಗ್, ಆಲ್ಫರೆಟ್ಟಾ ಕಡೆಯ ನಮ್ಮವರಿಗೆ ಹತ್ತಿರವಿರುವುದು ಲೇನಿಯರ್. ತಿಳಿನೀರು, ಸ್ಥಿರವಾದ ಮಟ್ಟ, ಆಳ ಹೆಚ್ಚು. ಅಲ್ಲಿ ಕೊಳೆಯುವಿಕೆಗಿಂತ ಆಳದ ಆಯ್ಕೆ ದೊಡ್ಡ ಪ್ರಶ್ನೆ. ಬೇಸಿಗೆಯಲ್ಲಿ ಬೆಚ್ಚನೆಯ ಮೇಲ್ಪದರಕ್ಕೂ ತಣ್ಣನೆಯ ಕೆಳಪದರಕ್ಕೂ ನಡುವೆ ಥರ್ಮೋಕ್ಲೈನ್ ಎಂಬ ಗಡಿ ಏರ್ಪಡುತ್ತದೆ. ದಕ್ಷಿಣದ ಅನೇಕ ಜಲಾಶಯಗಳಲ್ಲಿ ಅದರ ಕೆಳಗೆ ಆಮ್ಲಜನಕ ತೀರ ಕಡಿಮೆಯಾಗುವುದರಿಂದ ಅಲ್ಲಿ ಎಷ್ಟು ಒಳ್ಳೆಯ ಮರ ಇಟ್ಟರೂ ಬೇಸಿಗೆಯಲ್ಲಿ ಮೀನು ಬಾರದು. ದೋಣಿಯ ಸೋನಾರ್ ಪರದೆಯಲ್ಲಿ ಈ ಗಡಿ ಮಸುಕು ಗೆರೆಯಂತೆ ಕಾಣುತ್ತದೆ; ರಾಶಿಯ ನೆತ್ತಿ ಅದಕ್ಕಿಂತ ಮೇಲಿರುವಂತೆ ನೋಡಿಕೊಳ್ಳಬೇಕು. ಇಂಥ ಕಡೆ ಹನ್ನೆರಡು ಅಡಿಯ ಸೀಡರ್ ಅಥವಾ ಪೇರ್ ಮರವನ್ನು ನೆಟ್ಟಗೆ ನಿಲ್ಲುವಂತೆ ಬುಡಕ್ಕೆ ಭಾರ ಕಟ್ಟಿ ಇಳಿಸುವುದು ಲಾಭಕರ. ಅಡ್ಡ ಮಲಗಿದ ಮರ ಒಂದೇ ಆಳದಲ್ಲಿ ಕೆಲಸ ಮಾಡಿದರೆ, ನೆಟ್ಟಗಿರುವುದು ಋತುವಿನಿಂದ ಋತುವಿಗೆ ಮೀನಿನ ಜೊತೆ ಹೊಂದಿಕೊಳ್ಳುತ್ತದೆ.

ಗ್ರೆನಡಾ ಮತ್ತು ಅದರ ಅಕ್ಕಪಕ್ಕದ ಪ್ರವಾಹತಡೆ ಜಲಾಶಯಗಳಲ್ಲಿ ಗಾಳ ಹಾಕುವವರು ಚಳಿಗಾಲದ ಮಟ್ಟದ ಕೆಳಗೂ ನೀರಿರುವ ಜಾಗವನ್ನೇ ಆರಿಸಿದರೆ ಯಾವ ಮರವಾದರೂ ನಡೆದೀತು. ಅದಕ್ಕಿಂತ ಮೇಲಿನ ಜಾಗವೇ ಬೇಕೆಂದರೆ ಓಸೇಜ್ ಆರೆಂಜ್ ಅಥವಾ ಬಿಳಿ ಓಕ್. ಕ್ರಿಸ್‌ಮಸ್ ಮರ ಅಲ್ಲಿ ಒಂದು ವಸಂತದ ಅತಿಥಿ. ನೀರು ಕೆಸರಾಗಿರುವುದರಿಂದ ಅಲ್ಲಿ ಬಿಳಿ ಕ್ರ್ಯಾಪಿ ಕಡಿಮೆ ಆಳದಲ್ಲೇ ಇರುತ್ತದೆ, ತೀರ ದಟ್ಟವಾದ ರಾಶಿಯ ಅಗತ್ಯವೂ ಇಲ್ಲ.

ಮನೆಯ ಹಿಂದಿನ ಅಥವಾ ಸ್ನೇಹಿತರ ತೋಟದ ಸಣ್ಣ ಕೆರೆಯ ಬಗ್ಗೆ ಕೇಳುವವರಿಗೆ ನನ್ನ ಉತ್ತರ ನಿರಾಸೆ ತರಬಹುದು. ಸಣ್ಣ ಕೆರೆಗಳಲ್ಲಿ ಕ್ರ್ಯಾಪಿ ಮಿತಿಮೀರಿ ಮರಿಮಾಡಿ, ಮೇವು ಸಾಲದೆ ಅಂಗೈಯಗಲದ ಮೀನುಗಳೇ ತುಂಬಿಕೊಳ್ಳುತ್ತವೆ. ವಿಶ್ವವಿದ್ಯಾಲಯಗಳ ವಿಸ್ತರಣಾ ಕೇಂದ್ರಗಳು ಅಲ್ಲಿ ಅವನ್ನು ಬಿಡದಿರುವಂತೆ ಹೇಳುವುದು ಈ ಕಾರಣಕ್ಕೆ. ಈಗಾಗಲೇ ಇದ್ದರೆ, ದಟ್ಟವಾದ ಸೀಡರ್ ಹಾಕಿ ಮರಿಗಳಿಗೆ ಇನ್ನಷ್ಟು ರಕ್ಷಣೆ ಕೊಡುವ ಬದಲು ಬಿಡಿಬಿಡಿಯಾದ ಬಿದಿರು ಅಥವಾ ಓಕ್ ಹಾಕಿ, ಬಾಸ್ ಮೀನು ಅವುಗಳ ನಡುವೆ ನುಗ್ಗಿ ಮರಿ ತಿನ್ನಲು ದಾರಿ ಬಿಡಬೇಕು. ಹಸಿರೆಲೆ ತುಂಬಿದ ಕೊಂಬೆಗಳನ್ನು ಬೇಸಿಗೆಯಲ್ಲಿ ಇಳಿಸಿದರೆ ಎಲೆ ಕೊಳೆಯುವಾಗ ಸಣ್ಣ ಕೆರೆಯ ಆಮ್ಲಜನಕ ಕುಸಿಯುತ್ತದೆ ಎಂಬುದೂ ಗಮನದಲ್ಲಿರಲಿ.

ದೋಣಿಯೂ ಇಲ್ಲ, ಡಾಕೂ ಇಲ್ಲ ಎನ್ನುವವರು ಮರ ಮುಳುಗಿಸುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಮಿಸೌರಿ, ಟೆನೆಸಿ, ಜಾರ್ಜಿಯಾ, ಕೆಂಟಕಿ ಮೊದಲಾದ ರಾಜ್ಯಗಳ ಮೀನುಗಾರಿಕಾ ಇಲಾಖೆಗಳು ತಾವು ಇಳಿಸಿದ ರಾಶಿಗಳ ಜಿಪಿಎಸ್ ನೆಲೆಗಳನ್ನು ಸಾರ್ವಜನಿಕವಾಗಿ ಪ್ರಕಟಿಸುತ್ತವೆ, ಕೆಲವು ಮೀನುಗಾರಿಕೆ ಕಟ್ಟೆಗಳ ಸುತ್ತಲೇ ಇರುತ್ತವೆ. ಅವು ಎಲ್ಲರಿಗೂ ಗೊತ್ತು ಎಂಬ ಆಕ್ಷೇಪವಿದೆ; ಆದರೆ ಮುಂದಿನ ನೀರನ್ನೇ ಚಿತ್ರದಂತೆ ತೋರಿಸುವ ಸೋನಾರ್ ಬಂದ ಮೇಲೆ ಸ್ವಂತ ರಾಶಿಯೂ ಬಹಳ ದಿನ ಗುಟ್ಟಾಗಿ ಉಳಿಯುವುದಿಲ್ಲ.

ಇಳಿಸುವ ಹೊತ್ತಿಗೆ ಉಳಿಯುವ ಮಾತುಗಳು ಕೆಲವೇ. ಸೆಣಬಿನ ಹಗ್ಗ ಮರಕ್ಕಿಂತ ಮೊದಲು ಕೊಳೆಯುತ್ತದೆ, ನೈಲಾನ್ ಅಥವಾ ಪಾಲಿಪ್ರೊಪಿಲೀನ್ ಹಗ್ಗ ಬಳಸಬೇಕು. ಹಗ್ಗದ ಸುರುಳಿಯೊಳಗೆ ಕಾಲಿಡದೆ, ಲೈಫ್ ಜಾಕೆಟ್ ತೊಟ್ಟು, ಇಬ್ಬರು ಸೇರಿ ಮಾಡಬೇಕಾದ ಕೆಲಸವಿದು. ಫೆಬ್ರವರಿಯ ನೀರು ಕ್ಷಮಿಸುವುದಿಲ್ಲ. ಗಾಳಕ್ಕೆ ತೆಳುತಂತಿಯ ಕೊಕ್ಕೆ ಇಟ್ಟುಕೊಂಡರೆ, ಕೊಂಬೆಗೆ ಸಿಕ್ಕಾಗ ನಿಧಾನವಾಗಿ ಎಳೆದಂತೆ ಅದು ನೆಟ್ಟಗಾಗಿ ಬಿಟ್ಟುಕೊಡುತ್ತದೆ, ಬೆರಳಿನಿಂದ ಬಗ್ಗಿಸಿ ಮತ್ತೆ ಬಳಸಬಹುದು.

ಇಷ್ಟೆಲ್ಲ ಹೋಲಿಸಿದ ಮೇಲೂ ಒಂದೇ ಮರವನ್ನು ಆರಿಸಲಾಗದವರು ಒಂದೇ ಮರವನ್ನು ಆರಿಸಬೇಕಾಗಿಯೂ ಇಲ್ಲ. ಮೊದಲ ಚಳಿಗಾಲದಲ್ಲಿ ಓಕ್ ಅಥವಾ ಪೇರ್ ಮರದ ಟೊಂಗೆಗಳನ್ನು ಅಡಿಪಾಯವಾಗಿ ಇಳಿಸಿ, ಅದರ ಪಕ್ಕಕ್ಕೆ ಒಂದು ಸೀಡರ್ ನಿಲ್ಲಿಸಿ, ಎರಡು ವರ್ಷಕ್ಕೊಮ್ಮೆ ಅದೇ ಜಾಗಕ್ಕೆ ಒಂದು ಹೊಸ ಸೀಡರನ್ನೋ, ಸಿಕ್ಕರೆ ಜನವರಿಯ ಒಂದು ಕ್ರಿಸ್‌ಮಸ್ ಮರವನ್ನೋ ಸೇರಿಸುತ್ತ ಹೋದರೆ, ಗಟ್ಟಿ ಅಸ್ಥಿಪಂಜರವೂ ಹೊಸ ತೆಳುಕೊಂಬೆಯೂ ಸದಾ ಒಟ್ಟಿಗಿರುತ್ತವೆ. ಹೊಸದನ್ನು ಹಳೆಯದರ ನೆತ್ತಿಯ ಮೇಲೆ ಹೇರದೆ ನಾಲ್ಕೈದು ಅಡಿ ಪಕ್ಕಕ್ಕೆ ಬಿಡಬೇಕು, ಆಗ ಎರಡರ ನಡುವೆ ಜಿಗ್ ಇಳಿಸಲು ಒಂದು ಓಣಿ ಉಳಿಯುತ್ತದೆ.